ಸಿಎಫ್‌ಐ ನವೆಂಬರ್‌ಗೆ ಮುಗಿಯುತ್ತದೆ: ಉಳಿಸಿಕೊಳ್ಳಲಾ, ಬಿಟ್ಟುಬಿಡಲಾ?

ಹುಬ್ಬಳ್ಳಿ_ಹುಡುಗ, ಮುಂಬೈ

ಎಲ್ಲರಿಗೂ ನಮಸ್ಕಾರ. ಇಲ್ಲಿ ವಿಮಾನ ಹಾರಿಸುವವರು ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ನಾನು ಮುಂಬೈನಲ್ಲಿ ಒಂದು ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಮರೋಳದಲ್ಲಿ ಬಾಡಿಗೆ ಮನೆ. ಹಾರಿಸುವುದನ್ನು ಕಲಿತದ್ದು ಅಮೆರಿಕದ ಅರಿಝೋನಾದಲ್ಲಿ, ಮೇಸಾ ಅನ್ನುವ ಊರಲ್ಲಿ. 2021ರ ನವೆಂಬರ್‌ನಲ್ಲಿ ಅಲ್ಲೇ ಸಿಎಫ್‌ಐ ಮಾಡಿಕೊಂಡೆ, ಅಂದರೆ ಬೇರೆಯವರಿಗೆ ಹಾರಿಸುವುದನ್ನು ಕಲಿಸುವ ಅರ್ಹತೆ. ಹನ್ನೊಂದು ತಿಂಗಳು ಅಲ್ಲೇ ಇನ್‌ಸ್ಟ್ರಕ್ಟರ್ ಆಗಿದ್ದೆ. ಆಮೇಲೆ ವೀಸಾ ಮುಗಿಯಿತು, ವಾಪಸ್ ಬಂದೆ, ಇಲ್ಲಿನ ವಿಮಾನಯಾನ ಇಲಾಖೆಯಾದ ಡಿಜಿಸಿಎ ಪರೀಕ್ಷೆ ಬರೆದು ಲೈಸೆನ್ಸ್ ಕನ್ವರ್ಟ್ ಮಾಡಿಸಿಕೊಂಡೆ, ಕೆಲಸಕ್ಕೆ ವರ್ಷಕ್ಕೂ ಜಾಸ್ತಿ ಕಾದೆ. ಹಾಗೆ ಕಾಯುತ್ತಿದ್ದಾಗಲೇ, 2023ರಲ್ಲಿ, ಆನ್‌ಲೈನ್ ರಿಫ್ರೆಶರ್ ಕೋರ್ಸ್ ಮಾಡಿ ಸಿಎಫ್‌ಐ ಒಂದು ಸಲ ರಿನ್ಯೂ ಮಾಡಿಸಿದ್ದೆ. ಆಗ ಕೈಯಲ್ಲಿ ಅದೊಂದೇ ಗಟ್ಟಿಯಾದದ್ದು ಅನ್ನಿಸುತ್ತಿತ್ತು. ಈಗ ಮತ್ತೆ ಎರಡು ವರ್ಷ ಆಯಿತು. ಕಾರ್ಡಿನ ಮೇಲೆ 2025ರ ನವೆಂಬರ್ 30 ಅಂತ ಅಚ್ಚಾಗಿದೆ. ಇನ್ನು ಮೂರು ವಾರ.

ಜೊತೆಗೆ ಕೆಲಸ ಮಾಡುವವರು ಬಿಟ್ಟುಬಿಡು ಅಂತಾರೆ. ಅಮ್ಮ ಫೋನ್‌ನಲ್ಲಿ, "ಅಲ್ಲಿಗೆ ಇನ್ನು ಹೋಗೋದಿಲ್ಲ ಅಂದಮೇಲೆ ಅದಕ್ಕೆ ಯಾಕೆ ರೊಕ್ಕ ಹಾಕ್ತೀ, ಮೊದಲು ಸಾಲ ತೀರಿಸು" ಅಂತಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಇಲ್ಲಿನ ಕೆಲಸಕ್ಕೆ ಆ ಕಾರ್ಡು ಬೇಕಾಗಿಲ್ಲ. ಆದರೆ ಬಿಡಬೇಕು ಅಂದಾಗೆಲ್ಲ ಒಬ್ಬ ವಿದ್ಯಾರ್ಥಿನಿ ನೆನಪಾಗುತ್ತಾರೆ. ಅವರಿಗೆ ಆಗ 47 ವರ್ಷ, ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಐದಕ್ಕೆ ನೇರವಾಗಿ ಏರ್‌ಪೋರ್ಟಿಗೆ ಬರುತ್ತಿದ್ದರು, ಯಾಕೆಂದರೆ ಬೇಸಿಗೆಯಲ್ಲಿ ಅಲ್ಲಿ ಹತ್ತು ಗಂಟೆ ಆಯಿತೆಂದರೆ ಸೆಸ್ನಾ ಅನ್ನುವ ಸಣ್ಣ ವಿಮಾನದ ಒಳಗೆ ಕೂರಲು ಆಗುವುದಿಲ್ಲ, ಬಿಸಿ ಗಾಳಿಗೆ ವಿಮಾನ ಏರುವುದೂ ನಿಧಾನ. ಎಲ್ಲ ಚೆನ್ನಾಗಿ ಮಾಡುತ್ತಿದ್ದರು, ಇಳಿಸುವುದು ಒಂದು ಬಿಟ್ಟು. ಚಕ್ರ ನೆಲದಿಂದ ಇನ್ನೂ ಹತ್ತು ಹನ್ನೆರಡು ಅಡಿ ಮೇಲಿರುವಾಗಲೇ ಯೋಕ್ (ವಿಮಾನದ ಮೂಗು ಏರಿಸಿ ಇಳಿಸುವ ಹಿಡಿ) ಎಳೆದುಬಿಡುತ್ತಿದ್ದರು. ವಿಮಾನ ತೇಲಿ, ವೇಗ ಕಳೆದುಕೊಂಡು, ದೊಪ್ಪಂತ ಕೂರುತ್ತಿತ್ತು. ನನ್ನ ಬಲಗೈ ನನ್ನ ಕಡೆಯ ಯೋಕ್‌ನಿಂದ ಎರಡು ಬೆರಳು ದೂರದಲ್ಲೇ ಇರುತ್ತಿತ್ತು. ಮುಟ್ಟುತ್ತಿರಲಿಲ್ಲ. ಆರೇಳು ದಿನ ಹೀಗೇ ಆಯಿತು. ಒಂದು ದಿನ, "ಇವತ್ತು ಇಳಿಸುವುದೇ ಬೇಡ, ಸ್ವಲ್ಪ ಪವರ್ ಇಟ್ಟುಕೊಂಡು ರನ್‌ವೇ ಮೇಲೆ ನಾಲ್ಕಡಿ ಎತ್ತರದಲ್ಲಿ ಸುಮ್ನೆ ಹೋಗೋಣ, ನೀವು ರನ್‌ವೇಯ ಆಚೆ ತುದಿ ಮಾತ್ರ ನೋಡಿ" ಅಂದೆ. ಮೂರನೇ ಸಲ ಹೋಗುವಾಗ ಅವರೇ, "ಓ, ನಾನು ಇಷ್ಟು ದಿನ ಮೂಗಿನ ಮುಂದಿನ ನೆಲ ನೋಡುತ್ತಿದ್ದೆ" ಅಂದರು.

ಎರಡು ದಿನ ಬಿಟ್ಟು ನಾನು ವಿಮಾನದಿಂದ ಇಳಿದು ಅವರನ್ನು ಒಬ್ಬರನ್ನೇ ಕಳಿಸಿದೆ. ಕೈಯಲ್ಲಿ ವಾಕಿಟಾಕಿಯಂಥ ರೇಡಿಯೋ ಹಿಡಿದು ನಿಂತಿದ್ದೆ. ಮೂರು ಸುತ್ತು, ಮೂರು ಲ್ಯಾಂಡಿಂಗ್. ಮೊದಲ ಸೋಲೋ ಆದವರ ಶರ್ಟಿನ ಬೆನ್ನು ಕತ್ತರಿಸಿ ತಾರೀಕು ಬರೆಯುವುದು ಅಲ್ಲಿನ ಸಂಪ್ರದಾಯ. ಅವರು ಆ ತುಂಡನ್ನು ನೀವೇ ಇಟ್ಟುಕೊಳ್ಳಿ ಅಂತ ನನಗೆ ಕೊಟ್ಟರು. ಈಗಲೂ ನನ್ನ ಬೀರುವಿನಲ್ಲಿದೆ.

ಏರ್‌ಲೈನ್ ಕೆಲಸದಲ್ಲಿ ಅಂಥ ದಿನ ನನಗೆ ಇನ್ನೂ ಸಿಕ್ಕಿಲ್ಲ. ಅದಕ್ಕೇ ಕೇಳುವುದು. ಈಗ ಬಿಟ್ಟರೆ ಮುಂದೆ ಮರಳಿ ಪಡೆಯುವುದು ಎಷ್ಟು ಕಷ್ಟ? ಇಲ್ಲಿ ಅದರಿಂದ ಏನಾದರೂ ಉಪಯೋಗ ಇದೆಯಾ? ಹಳೆಯ ನೆನಪಿಗೋಸ್ಕರ ಹಣ ಮತ್ತು ಸಮಯ ಖರ್ಚು ಮಾಡುತ್ತಿದ್ದೇನಾ? ಅನುಭವ ಇದ್ದವರು ಹೇಳಿ.

ರನ್‌ವೇ_27, ಮುಂಬೈ

ನಾನೂ ಅಮೆರಿಕದಲ್ಲೇ ಕಲಿತವನು, ಈಗ ಕ್ಯಾಪ್ಟನ್. ನನ್ನ ಸಿಎಫ್‌ಐ ಇನ್ನೂ ಚಾಲ್ತಿಯಲ್ಲಿದೆ. ಭಾವನೆಯ ವಿಷಯ ಆಮೇಲೆ, ಮೊದಲು ಲೆಕ್ಕ ನೋಡೋಣ.

2024ರ ಡಿಸೆಂಬರ್ 1ರಿಂದ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ ಬದಲಾಗಿದೆ. ಹೊಸ ಸಿಎಫ್‌ಐ ಕಾರ್ಡಿನಲ್ಲಿ ಎಕ್ಸ್‌ಪೈರಿ ತಾರೀಕೇ ಇರುವುದಿಲ್ಲ. ಹಾಗಂತ ಜೀವನಪೂರ್ತಿ ನಡೆಯುತ್ತದೆ ಅಂತ ಅಲ್ಲ. 24 ತಿಂಗಳಿಗೊಮ್ಮೆ ನಿಮ್ಮ ಇತ್ತೀಚಿನ ಅನುಭವ ತೋರಿಸಬೇಕು (ರಿಫ್ರೆಶರ್ ಕೋರ್ಸೂ ಅದರಲ್ಲಿ ಬರುತ್ತದೆ), ರಿನ್ಯೂ ಅನ್ನುವ ಹೆಸರು ಮಾತ್ರ ಬದಲಾಗಿದೆ. ನಿಮ್ಮದು ಹಳೆಯ ಕಾರ್ಡು, ಅದರ ಮೇಲಿನ ತಾರೀಕೇ ನಿಮ್ಮ ಗಡುವು. ನವೆಂಬರ್ ತಪ್ಪಿದರೆ ಇನ್ನೂ ಮೂರು ಕ್ಯಾಲೆಂಡರ್ ತಿಂಗಳು, ಅಂದರೆ 2026ರ ಫೆಬ್ರವರಿ ಕೊನೆವರೆಗೆ, ರಿಫ್ರೆಶರ್ ಕೋರ್ಸ್ ಮಾಡಿಯೇ ಮರಳಿ ಪಡೆಯಬಹುದು. ಇದು ಹೊಸ ನಿಯಮದಲ್ಲಿ ಬಂದ ಅನುಕೂಲ. ಆದರೆ ಆ ಮೂರು ತಿಂಗಳು ಕಲಿಸುವ ಹಾಗಿಲ್ಲ. ಅದೂ ದಾಟಿತು ಅಂದರೆ ಎಕ್ಸಾಮಿನರ್ ಜೊತೆ ಚೆಕ್‌ರೈಡ್, ಅಂದರೆ ಹಾರಿ ತೋರಿಸುವ ಪರೀಕ್ಷೆ, ಕೊಡಬೇಕು. ಬರೆಯುವ ಪರೀಕ್ಷೆ ಮತ್ತೆ ಬೇಡ, ಅಷ್ಟು ಪುಣ್ಯ. ಆದರೂ ಟಿಕೆಟ್ಟು, ವಿಮಾನದ ಬಾಡಿಗೆ, ಅಭ್ಯಾಸದ ಗಂಟೆಗಳು, ಎಕ್ಸಾಮಿನರ್ ಫೀಸು ಎಲ್ಲ ಸೇರಿಸಿ ನೋಡಿ. ಕೋರ್ಸ್ ಆದರೆ 16 ಗಂಟೆಯ ಓದು, ಸುಮಾರು ನೂರು ಡಾಲರ್. ಮನೆಯಲ್ಲೇ ಕೂತು ಮಾಡಬಹುದು. ಒಂದು ಎಚ್ಚರಿಕೆ: ಕೋರ್ಸ್ ಮುಗಿಸಿದ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿಕೊಂಡು ಸುಮ್ಮನಾಗಬೇಡಿ, ಎಫ್‌ಎಎಗೆ ಅರ್ಜಿ ಹೋಗಬೇಕು. ಗುರುತು ಪರಿಶೀಲನೆ ಹೇಗೆ ಮಾಡುತ್ತಾರೆ ಅಂತ ಕೋರ್ಸ್ ಕೊಡುವವರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ವಿಷಯ, ಇದನ್ನು ತುಂಬಾ ಜನ ಗಮನಿಸಿಲ್ಲ. ಅಮೆರಿಕದ ಹೊರಗೆ ವಿಳಾಸ ಇರುವವರು, ಅಲ್ಲಿ ಮನೆ ವಿಳಾಸ ಇಲ್ಲದಿದ್ದರೆ, ಅಲ್ಲಿ ಒಬ್ಬ ಏಜೆಂಟ್‌ನನ್ನು ನೋಂದಾಯಿಸಬೇಕು. ಎಫ್‌ಎಎ ಕಳಿಸುವ ಕಾಗದಪತ್ರ ನಿಮ್ಮ ಪರವಾಗಿ ತೆಗೆದುಕೊಳ್ಳುವವರು. ಹಳೆಯ ಸರ್ಟಿಫಿಕೇಟ್ ಇರುವವರಿಗೆ 2025ರ ಜುಲೈ 7 ಗಡುವಾಗಿತ್ತು. ಮಾಡದಿದ್ದರೆ ನಿಮ್ಮ ಸಿಎಫ್‌ಐ ಮಾತ್ರ ಅಲ್ಲ, ಅಲ್ಲಿನ ಪೈಲಟ್ ಲೈಸೆನ್ಸನ್ನೂ ಬಳಸುವ ಹಾಗಿಲ್ಲ. ಕಂಪನಿಗಳು ದುಡ್ಡು ತೆಗೆದುಕೊಂಡು ಮಾಡುತ್ತವೆ. ಅಲ್ಲಿ ನೆಂಟರಿದ್ದರೆ ಅವರೂ ಆಗಬಹುದು, 18 ತುಂಬಿರಬೇಕು ಅಷ್ಟೇ. ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕು ಅನ್ನುವುದೂ ನೆನಪಿರಲಿ. ಮರೋಳದ ವಿಳಾಸ ಕೊಟ್ಟಿದ್ದೀರಾ?

ಇಲ್ಲಿ ಉಪಯೋಗ ಇದೆಯಾ ಅಂದರೆ, ನೇರವಾಗಿ ಇಲ್ಲ. ಇಲ್ಲಿ ಕಲಿಸಬೇಕಾದರೆ ಡಿಜಿಸಿಎ ಕೊಡುವ ಇನ್‌ಸ್ಟ್ರಕ್ಟರ್ ರೇಟಿಂಗೇ ಬೇಕು. ಅಲ್ಲಿ ಕಲಿಸಬೇಕಾದರೆ ಕೆಲಸದ ವೀಸಾ ಬೇಕು, ಕಾರ್ಡು ಇದ್ದ ಮಾತ್ರಕ್ಕೆ ಯಾರೂ ಒಳಗೆ ಬಿಡುವುದಿಲ್ಲ. ಕಲಿಸುತ್ತಾ ಹಾರಿದ ಗಂಟೆಗಳಂತೂ ನಿಮ್ಮ ಲಾಗ್‌ಬುಕ್‌ನಲ್ಲೇ ಇರುತ್ತವೆ, ಸಿಎಫ್‌ಐ ಹೋದರೂ ಅವು ಹೋಗುವುದಿಲ್ಲ. ಆ ಭಯದಿಂದ ರಿನ್ಯೂ ಮಾಡಬೇಡಿ.

ನನ್ನ ಮಾತು ಇಷ್ಟು: ಮಾಡಿಬಿಡಿ. ನೂರು ಡಾಲರ್ ಉಳಿಸಲು ಹೋಗಿ ನಾಳೆ ಲಕ್ಷಗಟ್ಟಲೆ ಕಳೆಯುವುದು ಬೇಡ. ಮುಂದಿನ ಹತ್ತು ವರ್ಷದಲ್ಲಿ ಏನಾಗುತ್ತದೋ ಯಾರಿಗೆ ಗೊತ್ತು. 2020ರಲ್ಲಿ ವಿಮಾನಗಳೆಲ್ಲ ನೆಲಕ್ಕೆ ಕೂತಾಗ ನಮ್ಮಲ್ಲಿ ಎಷ್ಟು ಜನ ಸಂಬಳ ಇಲ್ಲದೆ ಮನೆಯಲ್ಲಿ ಕೂತಿದ್ದೆವು ಅಂತ ನನಗೆ ಚೆನ್ನಾಗಿ ನೆನಪಿದೆ.

ಇಳಿಜಾರು_ಬೆಳಗಾವಿ, ಪುಣೆ

ಅಣ್ಣ, ನಾನು ಈಗಷ್ಟೇ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಟ್ರೇನಿಂಗ್‌ನಲ್ಲಿದ್ದೇನೆ, ಸಲಹೆ ಕೊಡುವಷ್ಟು ದೊಡ್ಡವನಲ್ಲ. ಒಂದೇ ಮಾತು. ನನ್ನ 200 ಗಂಟೆ ಮುಗಿಯುವುದರೊಳಗೆ ಮೂರು ಇನ್‌ಸ್ಟ್ರಕ್ಟರ್ ಬದಲಾಗಿದ್ದಾರೆ, ಏರ್‌ಲೈನ್ ಕರೆ ಬಂದ ಕೂಡಲೇ ಹೋಗುತ್ತಾರೆ, ಅದು ಅವರ ತಪ್ಪಲ್ಲ. ಆದರೆ ನೀವು ಆ ನರ್ಸ್ ಬಗ್ಗೆ ಬರೆದ ಹಾಗೆ ನನಗೆ ಯಾರೂ ಕೂತು ಹೇಳಿಕೊಟ್ಟಿಲ್ಲ. "ಎಲ್ಲಿ ನೋಡಬೇಕು" ಅನ್ನುವುದನ್ನು ನಿಮ್ಮ ಪೋಸ್ಟ್ ಓದಿ ನಿನ್ನೆ ಮಾಡಿ ನೋಡಿದೆ. ಲ್ಯಾಂಡಿಂಗ್ ನಿಜವಾಗಿ ಸುಧಾರಿಸಿತು. ಬಿಡಬೇಡಿ.

ಕಾಳಿ_ನದಿ, ಗೋವಾ

ನಾನು ಕಾರವಾರದವಳು, ಮದುವೆಯಾಗಿ ವಾಸ್ಕೋದಲ್ಲಿದ್ದೇನೆ. ನನ್ನ ಕಥೆ ಭಾರತದ ರೇಟಿಂಗ್‌ದು, ಅಮೆರಿಕದ್ದಲ್ಲ. ಆದರೆ ನೀವು ಕೇಳುತ್ತಿರುವುದಕ್ಕೆ ಸಂಬಂಧ ಇದೆ.

ಸಿಪಿಎಲ್ ಆದಮೇಲೆ ಮಹಾರಾಷ್ಟ್ರದ ಒಂದು ಸಣ್ಣ ಊರಲ್ಲಿ ಎರಡು ವರ್ಷ ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಇಲ್ಲಿ ಅಸಿಸ್ಟೆಂಟ್‌ಗೆ ಮೊದಲ ಸೋಲೋ ಕಳಿಸುವ ಅಧಿಕಾರ ಇಲ್ಲ. ಎಲ್ಲ ಕಲಿಸುವವಳು ನಾನು, ಸೋಲೋ ದಿನ ದೊಡ್ಡ ಇನ್‌ಸ್ಟ್ರಕ್ಟರ್ ಬಂದು ನೋಡಿ ಕಳಿಸುತ್ತಿದ್ದರು. ನಾನು ಹ್ಯಾಂಗರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆದ್ದರಿಂದ ನೀವು ರೇಡಿಯೋ ಹಿಡಿದು ನಿಂತಿದ್ದೆ ಅಂತ ಬರೆದದ್ದನ್ನು ಎರಡು ಸಲ ಓದಿದೆ.

ಆಮೇಲೆ ಏರ್‌ಲೈನ್ ಸೇರಿದೆ, ಏರ್‌ಬಸ್ ಎ320. ರೇಟಿಂಗ್ ಹೋಯಿತು, ನಾನು ತಿರುಗಿಯೂ ನೋಡಲಿಲ್ಲ. ಐದು ವರ್ಷ ಆದಮೇಲೆ, ಮಗಳು ಸ್ವಲ್ಪ ದೊಡ್ಡವಳಾದ ಮೇಲೆ, ಮನೆ ಹತ್ತಿರದಲ್ಲಿದ್ದು ಕಲಿಸೋಣ ಅನ್ನಿಸಿತು. ಮತ್ತೆ ಸೆಸ್ನಾ 172 ಒಳಗೆ ಕೂತೆ. ಎಡಗಡೆ ಒಬ್ಬ ಹಿರಿಯ ಇನ್‌ಸ್ಟ್ರಕ್ಟರ್ ವಿದ್ಯಾರ್ಥಿಯ ಹಾಗೆ ಕೂತಿದ್ದರು, ಬಲಗಡೆ ನಾನು. ಮೊದಲ ಲ್ಯಾಂಡಿಂಗ್ ಮಾಡಿ ತೋರಿಸಲು ಹೇಳಿದರು.

ಏನಾಯಿತು ಗೊತ್ತಾ? ನಿಮ್ಮ ನರ್ಸ್ ಮಾಡುತ್ತಿದ್ದ ತಪ್ಪನ್ನೇ ನಾನೂ ಮಾಡಿದೆ. ಎತ್ತರದಲ್ಲೇ ಎಳೆದುಬಿಟ್ಟೆ. ಐದು ವರ್ಷ ನನ್ನ ಕಣ್ಣು ಮಹಡಿ ಕಿಟಕಿಯಿಂದ ನೋಡಿದ ಹಾಗೆ ರನ್‌ವೇ ನೋಡಿ ಒಗ್ಗಿಹೋಗಿತ್ತು. ಏರ್‌ಬಸ್‌ನಲ್ಲಿ ಚಕ್ರ ನೆಲ ಮುಟ್ಟುವಾಗಲೂ ನಾವು ಅಷ್ಟು ಮೇಲೆ ಕೂತಿರುತ್ತೇವೆ, ಜೊತೆಗೆ ಯಂತ್ರವೇ "ಐವತ್ತು, ನಲವತ್ತು, ಮೂವತ್ತು" ಅಂತ ಎಣಿಸಿ ಹೇಳುತ್ತದೆ. ಸೆಸ್ನಾದಲ್ಲಿ ಯಾರೂ ಎಣಿಸುವುದಿಲ್ಲ, ಕೂತ ಜಾಗ ನೆಲಕ್ಕೆ ತಾಗಿದ ಹಾಗೇ ಇರುತ್ತದೆ. ಟೇಕಾಫ್‌ನಲ್ಲೂ ಅಷ್ಟೇ, ಬಲಗಾಲಿನ ರಡ್ಡರ್ ಪೆಡಲ್ ಒತ್ತಬೇಕು ಅನ್ನುವುದು ಕಾಲಿಗೇ ಮರೆತುಹೋಗಿತ್ತು, ಮೂಗು ಎಡಕ್ಕೆ ಎಳೆಯುತ್ತಿತ್ತು. ಎಲ್ಲಕ್ಕಿಂತ ಕಷ್ಟ ಆದದ್ದು ಮಾತು. ಕೈ ಮಾಡುವುದನ್ನು ಬಾಯಿ ಅದೇ ಹೊತ್ತಿಗೆ ಹೇಳಬೇಕು ಅಲ್ವಾ, ನಾವು ಪ್ಯಾಟರ್ ಅಂತೀವಲ್ಲ ಅದು. ಕೈ ಮುಂದೆ ಹೋಗುತ್ತಿತ್ತು, ಮಾತು ಎರಡು ಸೆಕೆಂಡ್ ಹಿಂದೆ ಬರುತ್ತಿತ್ತು. ಆ ದಿನ ಇಳಿದು ಬಂದು ತುಂಬಾ ಹೊತ್ತು ಕಾರಿನಲ್ಲೇ ಕೂತಿದ್ದೆ.

ಸರಿಹೋಗಲು ಹದಿನೈದು ಗಂಟೆ ಹಾರಿದೆ, ಎಲ್ಲ ನನ್ನ ದುಡ್ಡಿನಲ್ಲೇ. ನಡುವೆ ನಾನು ಹಾರುತ್ತಿದ್ದ ಸ್ಕೂಲಿನಲ್ಲಿ ವಿಮಾನ ಕೆಟ್ಟು ತಿಂಗಳುಗಟ್ಟಲೆ ನಿಂತಿತ್ತು, ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೊನೆಗೆ ಟೆಸ್ಟ್ ಪಾಸಾದೆ. ಈಗ ಮತ್ತೆ ಕಲಿಸುತ್ತಿದ್ದೇನೆ, ಖುಷಿಯಾಗಿದ್ದೇನೆ.

ಹಾಗಾಗಿ ರನ್‌ವೇ_27 ಅವರು ಹೇಳಿದ್ದು ಸರಿ, ಕೋರ್ಸ್ ಮಾಡಿ. ಆದರೆ ಅದು ಅರ್ಧ ಕೆಲಸ. 16 ಗಂಟೆ ಕಂಪ್ಯೂಟರ್ ಮುಂದೆ ಕೂತರೆ ಕಾರ್ಡು ಚಾಲ್ತಿಯಲ್ಲಿರುತ್ತದೆ, ಕಣ್ಣು, ಕಾಲು, ಬಾಯಿಗೆ ಅದರಿಂದ ಏನೂ ಆಗುವುದಿಲ್ಲ. ರಜೆ ಸಿಕ್ಕಾಗ ಸಣ್ಣ ವಿಮಾನದಲ್ಲಿ ಒಂದೊಂದು ಗಂಟೆ ಹಾರಿ. ಕಂಪನಿಯ ಅನುಮತಿ ಮೊದಲು ತೆಗೆದುಕೊಳ್ಳಿ.

ರನ್‌ವೇ_27, ಮುಂಬೈ

ಕಾಳಿ_ನದಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಮೊದಲೇ ಬರೆಯಬೇಕಿತ್ತು. ಅಮೆರಿಕದಲ್ಲಿ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ಹೊತ್ತು, ಹಾರಲು 24 ತಿಂಗಳಿಗೊಮ್ಮೆ ಫ್ಲೈಟ್ ರಿವ್ಯೂ ಅನ್ನುವ ಪರಿಶೀಲನೆ ಬೇರೆಯೇ ಬೇಕು. ಸಿಎಫ್‌ಐ ರಿನ್ಯೂ ಮಾಡಿದರೆ ಅದರ ನೆಲದ ಪಾಠದ ಭಾಗ ಮಾತ್ರ ಬಿಡುತ್ತಾರೆ, ಹಾರುವ ಭಾಗ ಬಿಡುವುದಿಲ್ಲ. ನಿಯಮ ಮಾಡಿದವರಿಗೂ ಇವೆರಡು ಬೇರೆ ಬೇರೆ ಅಂತ ಗೊತ್ತಿದೆ. ನಮ್ಮಲ್ಲೂ 2023ರಲ್ಲಿ ಸಿಪಿಎಲ್ ಅವಧಿಯನ್ನು 5ರಿಂದ 10 ವರ್ಷಕ್ಕೆ ಏರಿಸಿದರು, ಆದರೆ ಮೆಡಿಕಲ್ ಪರೀಕ್ಷೆ ಮತ್ತು ಇತ್ತೀಚಿನ ಹಾರಾಟದ ಲೆಕ್ಕ ಹಾಗೇ ಇದೆ.

ಗ್ಲೈಡರ್_ಕಾಕಾ, ಪುಣೆ

ತಮ್ಮಾ, ಎಲ್ಲರೂ ಇಟ್ಟುಕೋ ಅಂದಿದ್ದಾರೆ. ನಾನು ಬಿಟ್ಟವನು, ಬೇಕಂತಲೇ ಬಿಟ್ಟವನು. ಅದನ್ನೂ ಕೇಳು.

ಪುಣೆಯಲ್ಲಿ ಹಡಪ್ಸರದ ಗ್ಲೈಡಿಂಗ್ ಸೆಂಟರ್ ಇದೆ. ನಾನು ಅಲ್ಲಿ ಗ್ಲೈಡರ್ ಕಲಿತವನು, ಆಮೇಲೆ ಬಹಳ ವರ್ಷ ಬೇರೆ ಬೇರೆ ಕಡೆ ಕಲಿಸಿದವನು. ಗ್ಲೈಡರ್‌ಗೆ ಎಂಜಿನ್ ಇಲ್ಲ. ನೆಲದ ಮೇಲಿನ ವಿಂಚ್ ಅನ್ನುವ ಯಂತ್ರ ಗ್ಲೈಡರ್‌ಗೆ ಕಟ್ಟಿದ ಕೇಬಲ್ ಎಳೆಯುತ್ತದೆ, ಗಾಳಿಪಟ ಏರಿದ ಹಾಗೆ ಕಡಿದಾಗಿ ಏರುತ್ತೇವೆ. ಕೇಬಲ್ ಮಧ್ಯದಲ್ಲಿ ತುಂಡಾದರೆ ಮೂಗು ಆಕಾಶ ನೋಡುತ್ತಿರುತ್ತದೆ, ವೇಗ ಒಂದೇ ಸಮ ಇಳಿಯುತ್ತದೆ. ತಕ್ಷಣ ಮೂಗು ಕೆಳಗೆ ಮಾಡಬೇಕು. ವೇಗ ಮರಳಿ ಬರುವ ತನಕ ಬೇರೆ ಏನೂ ಮಾಡಬಾರದು. ಉಳಿದ ಕೇಬಲ್ ಬಿಡುವುದು, ಎಲ್ಲಿ ಇಳಿಯುವುದು ಅಂತ ನೋಡುವುದು, ಎಲ್ಲ ಆಮೇಲೆ. ಇದನ್ನು ವಿದ್ಯಾರ್ಥಿಗೆ ಹೇಳದೆ ಕೇಬಲ್ ಬಿಟ್ಟು ಅಭ್ಯಾಸ ಮಾಡಿಸುತ್ತಿದ್ದೆವು. ಅವನು ಮಾಡದಿದ್ದರೆ ನಾನು ಮಾಡಬೇಕು.

ನನಗೆ 61 ಆದ ವರ್ಷ ಹೀಗೇ ಒಂದು ದಿನ ಹುಡುಗ ಗಾಬರಿಯಾಗಿ ಸ್ಟಿಕ್ ಹಿಡಿದುಕೊಂಡು ಸುಮ್ಮನೆ ಕೂತ. ನಾನು ತೆಗೆದುಕೊಂಡೆ, ಏನೂ ಆಗಲಿಲ್ಲ, ಇಳಿದೆವು. ಹುಡುಗನಿಗೆ ಗೊತ್ತಾಗಲಿಲ್ಲ, ನೋಡುತ್ತಿದ್ದವರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ನನ್ನ ಕೈ ಒಂದು ಸೆಕೆಂಡ್ ತಡವಾಗಿ ಹೋಗಿತ್ತು. ಮೆಡಿಕಲ್ ಇತ್ತು, ರೇಟಿಂಗ್ ಇನ್ನೂ ಎಂಟು ತಿಂಗಳು ಇತ್ತು. ಅವತ್ತೇ ಸಂಜೆ ಚೀಫ್ ಇನ್‌ಸ್ಟ್ರಕ್ಟರ್‌ಗೆ ಹೇಳಿ ಕಲಿಸುವುದು ನಿಲ್ಲಿಸಿದೆ. ಎರಡು ವರ್ಷ ಆ ಕಡೆ ಹೋಗಲಿಲ್ಲ, ವಿಂಚ್ ಸದ್ದು ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಆಮೇಲೆ ಹೋಗತೊಡಗಿದೆ. ನೆಲದ ಮೇಲೆ ನಿಂತು ಹುಡುಗರಿಗೆ ಗಾಳಿ, ಮೋಡ ತೋರಿಸುತ್ತಿದ್ದೆ.

ನಿನ್ನದು ಬೇರೆ ಸ್ಥಿತಿ, ಇನ್ನೂ ಹುಡುಗ. ಆದರೆ ನಿನ್ನನ್ನು ಒಂದು ಕೇಳುತ್ತೇನೆ, ಉತ್ತರ ಇಲ್ಲಿ ಬರೆಯದಿದ್ದರೂ ಪರವಾಗಿಲ್ಲ. ಇವತ್ತು ನಿನ್ನ ಸ್ವಂತ ತಂಗಿ ಎಡಗಡೆ ಸೀಟಿನಲ್ಲಿ ಮೊದಲ ಪಾಠಕ್ಕೆ ಕೂತರೆ, ಬಲಗಡೆ ನೀನು ಕೂರುತ್ತೀಯಾ? ಕೂರುತ್ತೇನೆ ಅಂದರೆ ಇಟ್ಟುಕೋ. ಇಲ್ಲ, ಆದರೆ ಮುಂದೆ ಕೂರಬೇಕು ಅಂತ ಆಸೆ ಇದೆ ಅಂದರೆ, ಆಗಲೂ ಇಟ್ಟುಕೋ, ಆದರೆ ಕೂರುವ ಹಾಗೆ ತಯಾರಾಗು. ಎರಡೂ ಇಲ್ಲ ಅಂದರೆ ಬಿಟ್ಟುಬಿಡು. ಶರ್ಟಿನ ತುಂಡು ಹೇಗೂ ನಿನ್ನ ಹತ್ತಿರವೇ ಇರುತ್ತದೆ, ಅದಕ್ಕೆ ರಿನ್ಯೂ ಬೇಡ.

ಹುಬ್ಬಳ್ಳಿ_ಹುಡುಗ, ಮುಂಬೈ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಡ್ಯೂಟಿಯಲ್ಲಿದ್ದೆ, ಗುವಾಹಟಿಯ ಹೋಟೆಲ್‌ನಲ್ಲಿ ಕೂತು ಎಲ್ಲ ಓದಿದೆ.

ಕಾಕಾ, ನನಗೆ ನಿಜವಾಗಿಯೂ ತಂಗಿ ಇದ್ದಾಳೆ. ಉತ್ತರ ಇಲ್ಲೇ ಬರೆಯುತ್ತೇನೆ: ಇವತ್ತು ಕೂರುವುದಿಲ್ಲ. ಕೊನೆಯ ಸಲ ಸೆಸ್ನಾ ಹಾರಿಸಿದ್ದು ಲೈಸೆನ್ಸ್ ಕನ್ವರ್ಟ್ ಮಾಡುವಾಗ. ಕಾಳಿ_ನದಿ ಅಕ್ಕ ಬರೆದದ್ದು ಓದಿ ಮೊನ್ನೆ ಲ್ಯಾಂಡಿಂಗ್ ಮಾಡುವಾಗ ಗಮನಿಸಿದೆ, ನಾನು ನೆಲ ಎಷ್ಟು ಹತ್ತಿರ ಇದೆ ಅಂತ ಕಣ್ಣಿಗಿಂತ ಜಾಸ್ತಿ ಆ ಎಣಿಕೆ ಕೇಳಿಯೇ ತಿಳಿಯುತ್ತಿದ್ದೇನೆ. ಆದರೆ ಮುಂದೆ ಕೂರಬೇಕು ಅನ್ನುವ ಆಸೆ ಖಂಡಿತ ಇದೆ. ಅದನ್ನು ನನಗೆ ನಾನೇ ಹೇಳಿಕೊಳ್ಳದೆ ದುಡ್ಡಿನ ಲೆಕ್ಕ ಹಾಕುತ್ತಾ ಕೂತಿದ್ದೆ.

ಕೋರ್ಸಿಗೆ ನಿನ್ನೆ ದುಡ್ಡು ಕಟ್ಟಿದೆ. ಡಲ್ಲಾಸ್‌ನಲ್ಲಿರುವ ಚಿಕ್ಕಪ್ಪನ ಮಗಳು ಏಜೆಂಟ್ ಆಗಲು ಒಪ್ಪಿದ್ದಾಳೆ. ರನ್‌ವೇ_27 ಸರ್, ಆ ನಿಯಮ ನನಗೆ ಗೊತ್ತೇ ಇರಲಿಲ್ಲ, ಜುಲೈನಿಂದ ತಪ್ಪಿಸಿಕೊಂಡಿದ್ದೆ. ವಿಳಾಸ ಕೂಡ ಹುಬ್ಬಳ್ಳಿಯದೇ ಇತ್ತು, ಬದಲಾಯಿಸಿದೆ. ಅಮ್ಮನಿಗೆ ಹೇಳಿದೆ, "ಈ ತಿಂಗಳ ಕಂತು ಮೊದಲು ಕಟ್ಟಿದಿಯಾ" ಅಂತ ಕೇಳಿದರು. ಕಟ್ಟಿದ್ದೇನೆ.

ಇನ್ನೊಂದು ಪ್ರಶ್ನೆ. ಡಿಜಿಸಿಎ ಅಸಿಸ್ಟೆಂಟ್ ರೇಟಿಂಗ್ ಬಗ್ಗೆಯೂ ಯೋಚಿಸುತ್ತಿದ್ದೇನೆ, ಆದರೆ ಅದು ಆಮೇಲೆ. ಮೊದಲು ಸಣ್ಣ ವಿಮಾನದಲ್ಲಿ ಒಂದೆರಡು ಗಂಟೆ ಹಾರಬೇಕು. ಬಾರಾಮತಿ ಕಡೆಯ ಫ್ಲೈಯಿಂಗ್ ಸ್ಕೂಲ್‌ನಲ್ಲಿ ಹೊರಗಿನ ಪೈಲಟ್‌ಗಳಿಗೆ ಇನ್‌ಸ್ಟ್ರಕ್ಟರ್ ಜೊತೆ ಗಂಟೆ ಲೆಕ್ಕದಲ್ಲಿ ವಿಮಾನ ಕೊಡುತ್ತಾರಾ? ನನಗೆ ರಜೆ ಸಿಗುವುದು ವಾರದ ಮಧ್ಯದಲ್ಲೇ ಜಾಸ್ತಿ.

ಕಾಳಿ_ನದಿ, ಗೋವಾ

ಫೋನ್ ಮಾಡಿ ಕೇಳಿ ತಮ್ಮಾ, ಬೆಳಗ್ಗೆ ಬೇಡ, ಎಲ್ಲರೂ ಹಾರಾಟದಲ್ಲಿರುತ್ತಾರೆ, ಮಧ್ಯಾಹ್ನ ಮೂರರ ಮೇಲೆ ಮಾಡಿ. ಮೊದಲ ದಿನ ಬಲಗಡೆ ಕೂರಲು ಹೋಗಬೇಡಿ. ಎಡಗಡೆ ಕೂತು ವಿದ್ಯಾರ್ಥಿಯ ಹಾಗೆ ಹತ್ತು ಲ್ಯಾಂಡಿಂಗ್ ಮಾಡಿ. ರನ್‌ವೇ ಮೇಲೆ ನಾಲ್ಕಡಿಯಲ್ಲಿ ಹೋಗುವ ನಿಮ್ಮದೇ ಪಾಠ ಇದೆಯಲ್ಲ, ಅದನ್ನು ಮೊದಲು ಕೇಳಿ ಮಾಡಿಸಿಕೊಳ್ಳಿ. ಹೇಗಾಯಿತು ಅಂತ ಇಲ್ಲೇ ಬರೆಯಿರಿ.